ಬಿಚ್ಚಿ ನೋಡದ ಗಂಟು

ವಾಸ್ಕೋದಲ್ಲಿ ಕಪ್ಪೆಂದರೆ ಬಣ್ಣವಲ್ಲ, ಹವಾಮಾನ.
ಬಂದರಿನಲ್ಲಿ ಕಲ್ಲಿದ್ದಲು ಇಳಿಸುವ ದಿನ
ಕಿಟಕಿಯ ಕಟ್ಟೆ, ಒಣಹಾಕಿದ ಅಂಗಿ, ಮೂಗಿನ ಹೊಳ್ಳೆ,
ಆಮೇಲೆ ಈ ಸರ್ವರುಗಳ ಉಸಿರು.
ತಿಂಗಳಿಗೊಮ್ಮೆ ಮೆಷೀನು ಬಿಚ್ಚಿ ಫ್ಯಾನು ಒರೆಸಬೇಕು.
ಬಿಳಿ ಬಟ್ಟೆಯಲ್ಲೇ ಒರೆಸು ಯೋಗಿತಾ,
ಕರಿ ಬಟ್ಟೆ ಕೊಳೆಯ ಲೆಕ್ಕ ಕೊಡುವುದಿಲ್ಲ.

ಇವು ಕೀಲಿಕೈ. ಇದೊಂದು ಯಾವ ಬೀಗದ್ದೋ ತಿಳಿಯದು,
ಹದಿನೇಳು ವರ್ಷದಿಂದ ಗೊಂಚಲಲ್ಲಿದೆ, ಎಸೆಯಬೇಡ.
ಎಸೆದ ಮರುದಿನವೇ ಬೀಗ ಸಿಗುತ್ತದೆ.
ಇದು ನೋಟ್‌ಬುಕ್ಕು. ಮೊದಲ ಮೂರು ವರ್ಷದ ಪುಟಗಳಿಲ್ಲ,
ಆಗೆಲ್ಲ ನೆನಪಿರುತ್ತದೆ ಎಂಬ ಸೊಕ್ಕಿತ್ತು.

ಹಡಗಿನ ಏಜೆಂಟರ ಆಫೀಸು ನಮ್ಮದು.
ಹಡಗು ನಿನ್ನ ಗಡಿಯಾರ ಕೇಳಿ ಬರುವುದಿಲ್ಲ.
ರಾತ್ರಿ ಎರಡಕ್ಕೆ ಫೋನು ಮಾಡಿ "ನೆಟ್ ಇಲ್ಲ" ಎನ್ನುತ್ತಾರೆ.
ಅದರರ್ಥ, ಪ್ರಿಂಟರಿನಲ್ಲಿ ಕಾಗದವಿಲ್ಲ,
ಅಥವಾ ಕ್ಯಾಪ್ಟನ್ನು ಎದುರಿಗೆ ನಿಂತು ಬೈಯುತ್ತಿದ್ದಾನೆ,
ಅಥವಾ, ಅಪರೂಪಕ್ಕೆ, ನೆಟ್ ಇಲ್ಲ.
ಸಿಟ್ಟಾಗಬೇಡ. ಪರದೆಯ ಮೇಲೇನಿದೆ, ಓದಿ ಹೇಳಿ, ಎನ್ನು.
ಓದುತ್ತ ಓದುತ್ತ ಅರ್ಧ ಜನ ತಾವೇ ಗುಣವಾಗುತ್ತಾರೆ.

ನನಗೆ ಕಲಿಸಿದವನು ಟಿಬುರ್ಸಿಯೊ.
ಮಾತು ಕಡಿಮೆ. ಜೇಬಿನಲ್ಲಿ ಸ್ಕ್ರೂಡ್ರೈವರು, ನಾಲ್ಕು ಶೇಂಗಾ.
ಕೇಬಲ್ಲಿನ ಎರಡೂ ತುದಿಗೆ ಹೆಸರು ಬರೆಸುತ್ತಿದ್ದ.
ಒಂದೇ ತುದಿಗೆ ಬರೆದರೆ ಅದು ಹೆಸರಲ್ಲ,
ಒಗಟು.

ಇದೇ ಬಂದರಿನಲ್ಲಿ ಅಪ್ಪ ಹೊರೆಗೆ ಹಗ್ಗ ಬಿಗಿಯುತ್ತಿದ್ದ,
ಕ್ರೇನು ಎತ್ತುವ ಮೊದಲು ಕಾಲು ಕೊಟ್ಟು ಎಳೆಯುತ್ತಿದ್ದ.
"ಗಂಟು ಹಾಕೂದು ಕೆಲಸ ಅಲ್ಲವ್ವಾ,
ಜಗ್ಗಿ ನೋಡೂದು ಕೆಲಸ."
ನಾನು ಕೇಳಿದ್ದೆ.
ಕೇಳಿದ್ದಷ್ಟೇ.

ಒಂಬತ್ತನೇ ವರ್ಷದ ಜುಲೈಯಲ್ಲಿ ಡಿಸ್ಕು ಸತ್ತಿತು.
ಹೆದರಲಿಲ್ಲ. ಬ್ಯಾಕಪ್ ಇದೆಯಲ್ಲ,
ದಿನಾ ಬೆಳಗ್ಗೆ ಹಸಿರು ಗುರುತಿನ ಮೇಲ್, "ಯಶಸ್ವಿ",
ಇನ್ನೂರ ಹನ್ನೆರಡು ಮೇಲ್.
ತೆರೆದೆ. ಫೋಲ್ಡರಿತ್ತು. ಒಳಗೊಂದು ಫೋಲ್ಡರಿತ್ತು.
ಅದರೊಳಗೆ ಏನೂ ಇರಲಿಲ್ಲ.
ಡಿಸೆಂಬರಿನಲ್ಲಿ ಯಾರೋ ದಾರಿ ಬದಲಿಸಿದ್ದರು.
ಯಾರೋ ಅಲ್ಲ, ನಾನು.
ಇನ್ನೂರ ಹನ್ನೆರಡು ರಾತ್ರಿ ಶೂನ್ಯವನ್ನು
ಒಂದಕ್ಷರ ತಪ್ಪದೆ ನಕಲು ಮಾಡಿದ್ದೆ.

ಕುಲಾಸೊ ಸಾಹೇಬರ ಬಾಗಿಲಿಗೆ ನಲವತ್ತು ಹೆಜ್ಜೆ.
ಅಷ್ಟರಲ್ಲಿ ನಾಲ್ಕು ಸುಳ್ಳು ಹೊಳೆದವು,
ಒಂದಂತೂ ನಿಜಕ್ಕಿಂತ ಚೆನ್ನಾಗಿತ್ತು.
ಒಳಗೆ ಹೋಗಿ, ತಪ್ಪು ನನ್ನದು, ಏಳು ತಿಂಗಳಿನದಿಲ್ಲ, ಎಂದೆ.
ಅವರು ಕನ್ನಡಕ ತೆಗೆದು ಒರೆಸಿದರು.
ಮತ್ತೆ ಒರೆಸಿದರು.
"ಕಾಗದದಲ್ಲಿ ಏನುಳಿದಿದೆ?"

ಉಳಿದದ್ದು ಎಸ್ಪೆರಾನ್ಸಾಳ ಕಪಾಟು.
ಪ್ರತಿಯೊಂದನ್ನೂ ಪ್ರಿಂಟು ಹಾಕಿ ದಾರ ಪೋಣಿಸಿಡುವ
ಅವಳ ಚಟಕ್ಕೆ ನಾನು ವರ್ಷಗಟ್ಟಲೆ ನಕ್ಕಿದ್ದೆ.
ಹನ್ನೊಂದು ದಿನ ಅವಳು ಓದಿದಳು, ನಾನು ಟೈಪಿಸಿದೆ:
ಟನ್ನು, ಹಡಗು, ತಾರೀಖು, ಟನ್ನು.
ಅವಳು ಒಮ್ಮೆಯೂ ನಗಲಿಲ್ಲ, ಅದೇ ಕಷ್ಟವಾಯಿತು.
ಆ ವರ್ಷ ಇನ್‌ಕ್ರಿಮೆಂಟು ಬರಲಿಲ್ಲ.
ನಿದ್ದೆ ಬಂತು.

ಅದಕ್ಕೇ, ತಿಂಗಳ ಮೊದಲ ಮಂಗಳವಾರ
ಯಾವುದಾದರೂ ಒಂದು ಫೈಲು ಕಳೆದುಹೋಗಿದೆ ಎಂದುಕೋ,
ಹುಡುಕಿ ವಾಪಸು ತಾ, ತೆರೆದು ಓದು, ಕೊನೆಯ ಸಾಲಿನವರೆಗೆ.
ಬಿಚ್ಚಿ ನೋಡದ ಗಂಟು ಗಂಟಲ್ಲ,
ಬರೀ ಬಟ್ಟೆ.

ಸೋಮವಾರದಿಂದ ನಾನು ಮಡಗಾಂವಿನ ಆಸ್ಪತ್ರೆಯಲ್ಲಿ.
ಅಲ್ಲಿ ಕಪ್ಪಿಲ್ಲವಂತೆ. ನೋಡೋಣ,
ಅಲ್ಲಿಯದೇ ಬೇರೆ ಬಣ್ಣವಿದ್ದೀತು.

ಇನ್ನೊಂದೇ ಕೆಲಸ. ನನ್ನ ಖಾತೆ ಅಳಿಸು,
ಈಗಲೇ, ನಾನು ಎದುರಿಗಿರುವಾಗಲೇ.
ಮುಲಾಜು ಬೇಡ, ನಾಳೆ ಎಂದೂ ಬೇಡ.
ಆಯಿತೇ? ಏಳು, ಕುರ್ಚಿ ಬಿಡು,
ಜಗ್ಗಿ ನೋಡುತ್ತೇನೆ.

ಮೂರು ಸಲ ಒತ್ತಿದೆ.
ಒಳಗೆ ಬಿಡಲಿಲ್ಲ.

ಸರಿ.
ಬಟ್ಟೆ ತೊಳೆದು ಹರವಿದ್ದೇನೆ.
ಕಿಟಕಿ ಮುಚ್ಚು, ಹಡಗು ಬಂದಂತಿದೆ.